ಕೂಂಡಿನಾಡಿನ ರಾಜಲಾಂಛನಗಳು

ಈಗ ಸವದತ್ತಿ ಎನಿಸಿಕೊಂಡಿರುವ ಊರಿಗೆ ಶಾಸನಗಳಲ್ಲಿ ಸುಗಂಧವರ್ತಿ ಎಂಬ ಮನೋಹರವಾದ ಹೆಸರುಂಟು. ರಟ್ಟವಂಶದ ಮಹಾಮಂಡಳೇಶ್ವರರು ಇದನ್ನು ರಾಜಧಾನಿಯನ್ನಾಗಿ ಮಾಡಿಕೊಂಡು ಕೂಂಡಿ ಮೂರುಸಾಸಿರವೆಂಬ ನಾಡನ್ನು ಆಳಿದರು. ಮುಂದೆ ಅವರ ನೆಲೆವೀಡು ವೇಣುಗ್ರಾಮಕ್ಕೆ, ಎಂದರೆ ಬೆಳಗಾವಿಗೆ ಸಾಗಿತು. ಈ ಅರಸರ ಶಾಸನಗಳನ್ನು ಓದತೊಡಗಿದವನಿಗೆ ಅರಸನ ಹೆಸರು ಸಿಕ್ಕುವ ಮೊದಲೇ ಒಂದು ಬಿರುದಾವಳಿಯು ಎದುರಾಗುತ್ತದೆ: ಸಮಧಿಗತಪಂಚಮಹಾಶಬ್ದ, ಮಹಾಮಂಡಳೇಶ್ವರ, ಲತ್ತಲೂರ್ಪುರವರಾಧೀಶ್ವರ, ತ್ರಿವಳೀಪರೆಘೋಷಣ, ರಟ್ಟಕುಲಭೂಷಣ, ಸುವರ್ಣಗರುಡಧ್ವಜ, ಸಿಂಧೂರಲಾಂಛನ. ಇದನ್ನು ಕವಿಯ ಅಲಂಕಾರವೆಂದೆಣಿಸಿ ದಾಟಿಹೋಗುವವರೇ ಬಹಳ. ಆದರೆ ಇದು ಅಲಂಕಾರವಲ್ಲ, ಆ ಅರಸನಿಗೆ ಸಲ್ಲುವ ಹಕ್ಕುಗಳ ಪಟ್ಟಿಯು. ಒಂದೊಂದು ಶಬ್ದದ ಹಿಂದೆಯೂ ಕಣ್ಣಿಗೆ ಕಾಣುವ ಇಲ್ಲವೆ ಕಿವಿಗೆ ಕೇಳುವ ಒಂದು ವಸ್ತುವಿದೆ.

ಧ್ವಜವೆಂಬುದು ಸೈನ್ಯದ ಮುಂದೆ ಹಿಡಿಯತಕ್ಕದ್ದು. ಲಾಂಛನವೆಂಬುದು ಮುದ್ರೆಯಲ್ಲಿಯೂ ನಾಣ್ಯದಲ್ಲಿಯೂ ಒತ್ತತಕ್ಕದ್ದು. ತ್ರಿವಳಿಯು ರಟ್ಟರ ವಾದ್ಯವು. ಅದರ ಧ್ವನಿಯಿಂದಲೇ ಅರಸನು ಬಂದನೆಂದು ಊರವರು ತಿಳಿಯುತ್ತಿದ್ದರು. ಪಂಚಮಹಾಶಬ್ದಗಳಾವುವೆಂಬ ಪ್ರಶ್ನೆಯು ಬಹುಕಾಲ ವಿದ್ವಾಂಸರನ್ನು ಕಾಡಿತು. ಅದಕ್ಕೆ ಉತ್ತರವು ದೊರೆತದ್ದು ನಿಜಗುಣ ಶಿವಯೋಗಿಗಳ ವಿವೇಕಚಿಂತಾಮಣಿಯಲ್ಲಿ. ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ ಎಂದು ಆ ಗ್ರಂಥವು ಐದು ವಾದ್ಯಗಳನ್ನು ಎಣಿಸುತ್ತದೆ. ಕೆ. ಬಿ. ಪಾಠಕರು ಇದನ್ನೆತ್ತಿ ತೋರಿಸಿದ ಮೇಲೆ ಬಿರುದಿನ ಅರ್ಥವು ತಿಳಿಯಾಯಿತು. ಸಮಧಿಗತ ಎಂದರೆ ಪಡೆದುಕೊಂಡ ಎಂದರ್ಥ. ಯಾರಿಂದ ಪಡೆದದ್ದು? ಮೇಲಿನ ಚಕ್ರವರ್ತಿಯಿಂದ. ಆದುದರಿಂದ ಮಾಂಡಳಿಕನ ಮೊದಲ ಹೆಮ್ಮೆಯೇ ಅವನ ಅಧೀನತೆಯ ಗುರುತೂ ಆಗಿರುವದು.

ಆ ಕಾಲದವರಿಗೆ ಲಾಂಛನವು ಆಸ್ತಿಯೇ ಸರಿ. ಅದನ್ನು ಕೊಡಬಹುದು, ಕಸಿದುಕೊಳ್ಳಬಹುದು, ಮಕ್ಕಳಿಗೆ ಬಿಟ್ಟುಹೋಗಬಹುದು. ಬಾದಾಮಿಯ ಚಾಲುಕ್ಯ ವಿಜಯಾದಿತ್ಯನು ತಂದೆಯಾದ ವಿನಯಾದಿತ್ಯನಿಗಾಗಿ ಉತ್ತರದೇಶದಿಂದ ಗಂಗಾ ಯಮುನಾ ಚಿಹ್ನೆಗಳನ್ನೂ ಪಾಳಿಧ್ವಜವನ್ನೂ ಗೆದ್ದು ತಂದನೆಂದು ಆ ವಂಶದ ಶಾಸನಗಳು ಹೇಳುತ್ತವೆ. ರಾಷ್ಟ್ರಕೂಟ ಮೂರನೆಯ ಗೋವಿಂದನ ನೇಸರಿಯ ತಾಮ್ರಪಟವು (ಶಕ ೭೨೭, ಕ್ರಿ. ಶ. ೮೦೫) ಇನ್ನೂ ಮುಂದೆ ಹೋಗುವದು. ಪಾಂಡ್ಯನಿಂದ ಮೀನು, ಪಲ್ಲವನಿಂದ ವೃಷಭ, ಚೋಳನಿಂದ ಹುಲಿ, ಗಂಗನಿಂದ ಆನೆ, ಕೇರಳನಿಂದ ಬಿಲ್ಲು, ವಂಗದ ಧರ್ಮನೃಪನಿಂದ ತಾರಾದೇವಿ, ಹೀಗೆ ಸೋತ ಅರಸರ ಲಾಂಛನಗಳನ್ನೆಲ್ಲ ಆತನು ಸಂಗ್ರಹಿಸಿದನಂತೆ. ನೆಲವನ್ನು ಹಿಂದಕ್ಕೆ ಕೊಟ್ಟರೂ ಲಾಂಛನವನ್ನು ಇಟ್ಟುಕೊಂಡರೆ ಸಾರ್ವಭೌಮತ್ವವು ಸಿದ್ಧಿಸಿತೆಂಬ ಭಾವನೆಯು ಇಲ್ಲಿ ಸ್ಪಷ್ಟವಾಗಿದೆ. ಇದೇ ಕಾಲಕ್ಕೆ ಯುರೋಪಖಂಡದಲ್ಲಿ ಶಾರ್ಲಮೇನ್ ಚಕ್ರವರ್ತಿಯು ತನ್ನ ಹೆಸರಿನ ಅಕ್ಷರಗಳನ್ನು ಒಂದಕ್ಕೊಂದು ಹೆಣೆದ ಅಂಕಿತವನ್ನು ಆಜ್ಞಾಪತ್ರಗಳಿಗೆ ಹಾಕಿಸುತ್ತಿದ್ದನು. ಶಿಲುಬೆಯ ನಾಲ್ಕು ತುದಿಗಳಲ್ಲಿ ವ್ಯಂಜನಗಳು, ನಡುವಿನ ಚೌಕದಲ್ಲಿ ಸ್ವರಗಳು. ಬರೆಯುವವನು ಲೇಖಕನು, ಅರಸನು ನಡುವೆ ಒಂದು ಸಣ್ಣ ಗೆರೆಯನ್ನೆಳೆದರೆ ಪತ್ರಕ್ಕೆ ಜೀವ ಬಂದಂತೆ. ಗೋವಿಂದನೂ ಶಾರ್ಲಮೇನನೂ ೮೧೪ರಲ್ಲಿಯೇ ತೀರಿಕೊಂಡರು. ಅಲ್ಲಿ ಅರಸನ ಹೆಸರೇ ಚಿಹ್ನೆಯಾಯಿತು. ಇಲ್ಲಿ ಚಿಹ್ನೆಯು ಒಬ್ಬನದಲ್ಲ, ಕುಲದ್ದು.

ಕುಲದ್ದೆಂಬ ಈ ಮಾತಿನಲ್ಲಿಯೇ ರಟ್ಟರ ಕಥೆಯ ತಿರುಳಿರುವದು. ಗರುಡನು ರಾಷ್ಟ್ರಕೂಟರ ಲಾಂಛನನು. ಅವರ ತಾಮ್ರಪಟಗಳ ಮುದ್ರೆಗಳಲ್ಲಿ ಬಹುಮಟ್ಟಿಗೆ ಅವನೇ ಕುಳಿತಿರುವನು. ಲತ್ತಲೂರೆಂದರೆ ಈಗಿನ ಮಹಾರಾಷ್ಟ್ರದ ಲಾತೂರು. ಅದೂ ರಾಷ್ಟ್ರಕೂಟರ ಮೂಲಸ್ಥಾನವೆಂದು ಹೆಸರಾದದ್ದು. ಸುಗಂಧವರ್ತಿಯ ರಟ್ಟರು ಲತ್ತಲೂರನ್ನು ಆಳಿದವರಲ್ಲ. ಆದರೂ ತಾವು ರಾಷ್ಟ್ರಕೂಟ ಕೃಷ್ಣನ ವಂಶದವರೆಂದು ಹೇಳಿಕೊಂಡು ಆ ಊರಿನ ಒಡೆತನವನ್ನು ಬಿರುದಿನಲ್ಲಿ ಧರಿಸಿದರು. ೯೭೩ರಲ್ಲಿ ರಾಷ್ಟ್ರಕೂಟ ಸಾಮ್ರಾಜ್ಯವನ್ನು ಮುರಿದವನು ಚಾಲುಕ್ಯ ಎರಡನೆಯ ತೈಲಪನು. ಅವನ ಲಾಂಛನವು ವರಾಹ. ಏಳೇ ವರುಷಗಳ ತರುವಾಯ, ೯೮೦ರ ಸವದತ್ತಿಯ ಶಾಸನದಲ್ಲಿ ಶಾಂತಿವರ್ಮನೂ, ಅದೇ ವರುಷದ ಬೈಲಹೊಂಗಲ ಸಮೀಪದ ಸೊಗಲದ ಶಾಸನದಲ್ಲಿ ಕತ್ತರಸನೂ ಆ ತೈಲಪನ ಅಧೀನರಾಗಿಯೇ ಕಾಣಿಸಿಕೊಳ್ಳುತ್ತಾರೆ. ಶಾಂತಿವರ್ಮನು ತಾನು ಕಟ್ಟಿಸಿದ ಬಸದಿಗೆ ೧೫೦ ಮತ್ತರು ಭೂಮಿಯನ್ನು ಬಿಟ್ಟನು.

ಹಾಗಾದರೆ ಬಿದ್ದುಹೋದ ಮನೆತನದ ಧ್ವಜವನ್ನು ಹಿಡಿಯಲು ವರಾಹಲಾಂಛನದವರು ರಟ್ಟರ ಮುಂದಿನ ಪೀಳಿಗೆಗಳಿಗೆ ಏಕೆ ಅವಕಾಶವಿತ್ತರು? ಔದಾರ್ಯವೆಂದು ಹೇಳಿದರೆ ಅರ್ಧವೇ ಸತ್ಯವಾದೀತು. ಹಳೆಯ ಚಕ್ರವರ್ತಿಗಳ ಕುಲದವನೊಬ್ಬನು ತನ್ನ ಪಾದಪದ್ಮೋಪಜೀವಿಯೆಂದು ಕಲ್ಲಿನಲ್ಲಿ ಬರೆಯಿಸಿಕೊಳ್ಳುವದು ಕಲ್ಯಾಣದ ಸಿಂಹಾಸನಕ್ಕೆ ಶೋಭೆಯೇ. ಶಾಸನಗಳ ಕ್ರಮವನ್ನು ನೋಡಿದರೆ ಇದು ತಿಳಿಯುವದು: ಮೊದಲು ಚಾಲುಕ್ಯನ ವಿಜಯರಾಜ್ಯ, ಆಮೇಲೆ ಪಂಚಮಹಾಶಬ್ದ, ಅದಾದ ಮೇಲೆಯೇ ಗರುಡಧ್ವಜ. ಗರುಡನು ಹಾರುತ್ತಿದ್ದನು, ಆದರೆ ವರಾಹನ ನೆರಳಿನಲ್ಲಿ. ಅತ್ತ ರಟ್ಟರೂ ಕಾದಿದ್ದರೆನ್ನಬೇಕು. ಚಾಲುಕ್ಯರು ಅಳಿದ ಮೇಲೆ, ೧೨೦೪ರ ಬೆಳಗಾವಿಯ ಶಾಸನಗಳಲ್ಲಿ ನಾಲ್ಕನೆಯ ಕಾರ್ತವೀರ್ಯನ ಮೇಲೆ ಯಾವ ಚಕ್ರವರ್ತಿಯ ಹೆಸರೂ ಇಲ್ಲ. ವಿಚಿತ್ರವೆಂದರೆ ಮಹಾಮಂಡಳೇಶ್ವರನೆಂಬ ಬಿರುದು ಹೋಗಲಿಲ್ಲ. ಕೊಟ್ಟವನು ಹೋದರೂ ಕೊಟ್ಟದ್ದು ಉಳಿಯಿತು.

ಸಿಂಧೂರಲಾಂಛನದ ವಿಷಯದಲ್ಲಿ ವಿವಾದವುಂಟು. ಸಿಂದೂರವೆಂದರೆ ಕೆಂಪು ಬಣ್ಣ, ಸಿಂಧುರವೆಂದರೆ ಆನೆ. ಫ್ಲೀಟರು ಕೆಂಪಿನ ಚಿಹ್ನೆಯೆಂಬ ಅರ್ಥವನ್ನು ಮಾಡಿದರು. ಉಳಿದ ವಂಶಗಳ ಲಾಂಛನಗಳು ಸಿಂಹ, ವರಾಹ, ಮತ್ಸ್ಯ ಮೊದಲಾದ ಪ್ರಾಣಿಗಳೇ ಆಗಿರುವದರಿಂದ ಆನೆಯೆಂಬ ಪಕ್ಷವೇ ಯುಕ್ತವಾಗಿ ತೋರುತ್ತದೆ. ದೀರ್ಘವು ಲಿಪಿಕಾರನ ಕೈತಪ್ಪಾಗಿರಬಹುದು.

ಪಶ್ಚಿಮಕ್ಕೆ ಕಿತ್ತೂರಿನ ಕಡೆಗೆ ನಡೆದರೆ ಧ್ವಜವೇ ಬದಲಾಗುವದು. ಅದು ಗೋವೆಯ ಕದಂಬರ ಸೀಮೆ. ಅವರಿಗೆ ಸಿಂಹಲಾಂಛನ, ವಾನರಧ್ವಜ, ಪೆರ್ಮಟ್ಟಿಯೆಂಬ ವಾದ್ಯ. ಲತ್ತಲೂರಿನ ಬದಲು ಬನವಾಸಿಯ ಒಡೆತನದ ಬಿರುದು. ಕಿತ್ತೂರಿನ ನೆರೆಯ ದೇಗಾಂವಿಯಲ್ಲಿ ಕಮಲನಾರಾಯಣ ದೇವಾಲಯವನ್ನು ಕಟ್ಟಿಸಿದ ಕಮಲಾದೇವಿಯು ಈ ವಂಶದ ಶಿವಚಿತ್ತ ಪೆರ್ಮಾಡಿಯ ರಾಣಿ. ಪೆರ್ಮಾಡಿಯ ಚಿನ್ನದ ನಾಣ್ಯದ ಒಂದು ಮುಖದಲ್ಲಿ ಸಿಂಹವಿದೆ. ಇನ್ನೊಂದರಲ್ಲಿ, ಸಪ್ತಕೋಟೀಶ್ವರನಿಂದ ವರವನ್ನು ಪಡೆದವನೆಂಬ ನಾಗರಿಯ ಬರಹವಿದೆ. ದೇವರ ಹೆಸರು ಮುಂದೆ, ಅರಸನ ಹೆಸರು ಹಿಂದೆ. ವಿಜಯನಗರದ ಅರಸರು ಇದನ್ನೇ ಪೂರ್ಣಗೊಳಿಸಿ, ಸಂಸ್ಕೃತ ತಾಮ್ರಪಟಗಳಿಗೂ ಕನ್ನಡ ಅಕ್ಷರಗಳಲ್ಲಿ ಶ್ರೀ ವಿರೂಪಾಕ್ಷ ಎಂದೇ ರುಜು ಹಾಕಿದರು. ಪೆರ್ಮಾಡಿಯ ನಾಣ್ಯಗಳು ಸಲ್ಲುತ್ತಿದ್ದ ಹನ್ನೆರಡನೆಯ ಶತಮಾನದಲ್ಲಿಯೇ, ಸವದತ್ತಿ ರಾಮದುರ್ಗಗಳನ್ನು ಹಾಯ್ದ ಮಲಪ್ರಭೆಯು ಕೃಷ್ಣೆಯನ್ನು ಕೂಡುವ ಸಂಗಮದ ದೇವರ ಹೆಸರನ್ನು ಬಸವಣ್ಣನವರು ತಮ್ಮ ವಚನಗಳಿಗೆ ಮುದ್ರಿಕೆಯಾಗಿ ಇಟ್ಟರು. ಅರಸನ ಮುದ್ರೆಯಲ್ಲಿ ದೇವರು ಅರಸನನ್ನು ಎತ್ತಿಹಿಡಿಯುತ್ತಾನೆ. ವಚನದ ಮುದ್ರಿಕೆಯಲ್ಲಿ ಬರೆದವನ ಹೆಸರು ಕಾಣಿಸದು.

ರಟ್ಟರ ಅಂತ್ಯವು ವಿಲಕ್ಷಣವಾದದ್ದು. ಎರಡನೆಯ ಲಕ್ಷ್ಮೀದೇವನ ೧೨೨೮ರ ಸವದತ್ತಿಯ ಶಾಸನವು, ರಾಜ್ಯವನ್ನು ಸ್ಥಿರಗೊಳಿಸಿದವನೆಂದು ರಾಜಗುರು ಮುನಿಚಂದ್ರನನ್ನು ಕೊಂಡಾಡುತ್ತದೆ. ಹತ್ತು ವರುಷಗಳು ಕಳೆಯುವದರೊಳಗೆ ಸೇವುಣ ಸಿಂಘಣನ ದಂಡನಾಯಕ ಬೀಚಣನು ರಟ್ಟರನ್ನು ಅಡಗಿಸಿದನು. ಆ ಸೇವುಣರ ಧ್ವಜವೂ ಸುವರ್ಣಗರುಡನೇ! ದ್ವಾರಾವತಿಯ ಯಾದವರೆಂಬ ಬೇರೊಂದು ವಂಶಕಥೆಯಿಂದ ಅವರಿಗೆ ಅದು ಬಂದಿತ್ತು. ಕೂಂಡಿನಾಡಿನ ಒಕ್ಕಲಿಗನು ತಲೆಯೆತ್ತಿ ನೋಡಿದ್ದರೆ ಅವನಿಗೆ ಧ್ವಜವು ಬದಲಾದಂತೆ ತೋರುತ್ತಿರಲಿಲ್ಲ.

ಅವನು ನಿಜವಾಗಿ ನೋಡುತ್ತಿದ್ದುದು ಬೇರೆಯ ಚಿಹ್ನೆಗಳನ್ನು. ಈ ಸೀಮೆಯ ಶಾಸನದ ಕಲ್ಲುಗಳ ತಲೆಯ ಮೇಲೆ ನಡುವೆ ಲಿಂಗವೋ ಜಿನಬಿಂಬವೋ, ಮಗ್ಗುಲಲ್ಲಿ ಆಕಳು ಕರು, ಒಂದು ಬಾಗಿದ ಕತ್ತಿ, ಮೇಲೆ ಸೂರ್ಯ ಚಂದ್ರರು ಇರುವದನ್ನು ವಾಚಕರು ಕಂಡಿರಬಹುದು. ಅರಸನ ಗರುಡನಿಗೆ ಅಲ್ಲಿ ಸ್ಥಳವಿಲ್ಲ. ಓದುಬಾರದವನಿಗೂ ಆ ಚಿತ್ರಗಳಿಂದ ದತ್ತಿಯು ಯಾರದು, ಎಷ್ಟು ಕಾಲದ್ದು ಎಂಬುದು ತಿಳಿಯುತ್ತಿತ್ತು. ದತ್ತಿಯ ಹೊಲದ ಮೇರೆಗೆ ನೆಡುವ ಕಲ್ಲುಗಳಲ್ಲಿಯೂ ಹಾಗೆಯೇ: ಶಿವಾಲಯದ ಭೂಮಿಗೆ ಲಿಂಗಮುದ್ರೆ, ಬಸದಿಯದಕ್ಕೆ ಮುಕ್ಕೊಡೆ, ವೈಷ್ಣವ ದತ್ತಿಗಳಿಗೆ ವಾಮನಮುದ್ರೆ. ಗರುಡಧ್ವಜದ ಬಟ್ಟೆಯ ಒಂದು ಎಳೆಯೂ ಉಳಿದಿಲ್ಲ. ಲಿಂಗಮುದ್ರೆಯ ಕಲ್ಲುಗಳು ಮಾತ್ರ ಅಲ್ಲಲ್ಲಿ ಹೊಲದ ಬದುವಿನಲ್ಲಿ ನೇಗಿಲಿಗೆ ಅಡ್ಡಬರುತ್ತ ಇನ್ನೂ ನಿಂತಿವೆ.