ಗಂಡುಮೆಟ್ಟಿದ ನಾಡಿನ ಖಾರ

ಹುಬ್ಬಳ್ಳಿ-ಧಾರವಾಡ ಸೀಮೆಯನ್ನು 'ಗಂಡುಮೆಟ್ಟಿದ ನಾಡು' ಎಂದು ಕರೆಯುವುದು ವಾಡಿಕೆ. ಈ ನಾಡಿನ ಲಕ್ಷಣಗಳನ್ನು ಎಣಿಸುವವರು ಕಡಕ್ ಮಾತು, ಕಡಕ್ ರೊಟ್ಟಿಗಳ ಜತೆಗೆ ಖಾರವನ್ನೂ ಸೇರಿಸುತ್ತಾರೆ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಯಾವ ಊರಾದರೂ ಸರಿ, ಸಂಜೆ ಹೊತ್ತು ಮಿರ್ಚಿ-ಗಿರಮಿಟ್ಟಿನ ಅಂಗಡಿಯ ಮುಂದೆ ಹುಡುಗರ ಗುಂಪು ಇದ್ದೇ ಇರುತ್ತದೆ. ಹಸಿಮೆಣಸಿನಕಾಯಿ ಕಚ್ಚಿ ನೀರಿನ ಲೋಟಕ್ಕೆ ಕೈ ಚಾಚಿದವನಿಗೆ 'ಇಷ್ಟಕ್ಕ ನೀರು ಕುಡದ್ರ ಹೆಂಗಲೇ?' ಎಂಬ ಚೇಷ್ಟೆ ತಪ್ಪಿದ್ದಲ್ಲ. ಮೈಸೂರು ಕಡೆಯ ನೆಂಟ ಬಂದರಂತೂ ಆತನ ತಾಟಿಗೆ ರಂಜಕ ಬಡಿಸಿ ಮುಖ ನೋಡುವುದೇ ಒಂದು ವಿನೋದ. ತಾಳಿಕೊಂಡವನು ಗಟ್ಟಿಗ, ಕಣ್ಣೀರು ಹಾಕಿದವನು ಸಪ್ಪೆ.

ಖಾರ ತಿನ್ನುವುದಕ್ಕೂ ಗಂಡಸುತನಕ್ಕೂ ನಿಜವಾಗಿ ನಂಟುಂಟೆ? ಅಥವಾ ಇದು ಅಂಗಡಿಯ ಮುಂದೆ ಹುಟ್ಟಿದ ಬಡಾಯಿಯೇ? ಚರಿತ್ರೆಯನ್ನು ಸ್ವಲ್ಪ ಕೆದಕಿದರೆ ಉತ್ತರ ಬೇರೆಯದೇ ದಿಕ್ಕಿನಲ್ಲಿ ಸಿಗುತ್ತದೆ.

ಮೆಣಸಿನಕಾಯಿಗೆ ಮುಂಚೆ

ಮೊದಲನೆಯದಾಗಿ, ಮೆಣಸಿನಕಾಯಿ ಈ ನೆಲದ್ದಲ್ಲ. ಅದರ ತವರು ಮಧ್ಯ ಹಾಗೂ ದಕ್ಷಿಣ ಅಮೆರಿಕ. 1492ರಲ್ಲಿ ಕೊಲಂಬಸ್ ಅತ್ತ ಹೋದ ನಂತರವೇ ಹಳೆಯ ಜಗತ್ತಿಗೆ ಅದರ ಪರಿಚಯವಾದದ್ದು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರ ಮೂಲಕ ಅದು ಭಾರತಕ್ಕೆ ಬಂತು ಎಂಬುದು ಚರಿತ್ರಕಾರರ ಸಾಮಾನ್ಯ ಅಭಿಪ್ರಾಯ. ಅದಕ್ಕೆ ಮುಂಚೆ ನಮ್ಮ ಅಡುಗೆಗೆ ಖಾರ ಕೊಡುತ್ತಿದ್ದವು ಕಾಳುಮೆಣಸು, ಹಿಪ್ಪಲಿ, ಶುಂಠಿ, ಸಾಸಿವೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಬಗೆಬಗೆಯ ಭಕ್ಷ್ಯಗಳ ವರ್ಣನೆಯಿದೆ, ಮೆಣಸಿನಕಾಯಿ ಇಲ್ಲ. ಹೊಸದಾಗಿ ಬಂದ ಕಾಯಿಗೆ ಕನ್ನಡಿಗರು ಹಳೆಯ ಮೆಣಸಿನ ಹೆಸರನ್ನೇ ಇಟ್ಟು 'ಮೆಣಸಿನಕಾಯಿ' ಎಂದು ಕರೆದರು. ಕಾಲಕ್ರಮದಲ್ಲಿ ಬಂದವನೇ ಮನೆಯ ಯಜಮಾನನಾದ.

ಅಣ್ಣಿಗೇರಿಯ ಅಮೃತೇಶ್ವರ ದೇವಾಲಯ ಹನ್ನೊಂದನೆಯ ಶತಮಾನದ್ದು. ಅದರ ಕಲ್ಲು ಕಡೆದ ದಿನಗಳಲ್ಲಿ ಊರಿನ ಯಾವ ಒಲೆಯ ಮೇಲೂ ಮೆಣಸಿನಕಾಯಿ ಬೆಂದಿರಲಿಲ್ಲ. ಅದೇ ಅಣ್ಣಿಗೇರಿ ಆದಿಕವಿ ಪಂಪನ ತಾಯಿ ಅಬ್ಬಣಬ್ಬೆಯ ತವರು. ಕವಿಯೂ ಕಲಿಯೂ ಆಗಿದ್ದ ಪಂಪ ಹತ್ತನೆಯ ಶತಮಾನದವನು. ಆತ ಮೆಣಸಿನಕಾಯಿಯನ್ನು ಕಣ್ಣಿನಿಂದಲೂ ಕಂಡವನಲ್ಲ. ಈ ಸೀಮೆಯ ಹಳ್ಳಿಗಳಲ್ಲಿ ನಿಂತಿರುವ ಹಳಗಾಲದ ವೀರಗಲ್ಲುಗಳ ವೀರರೂ ಅಷ್ಟೇ. ನಾಡು ಗಂಡುಮೆಟ್ಟಿದ್ದೇ ಆಗಿದ್ದರೆ ಅದು ಮೆಣಸಿನಕಾಯಿ ಬರುವುದಕ್ಕೆ ಶತಮಾನಗಳ ಮೊದಲೇ ಮೆಟ್ಟಿತ್ತು.

ಮೆಣಸಿನಕಾಯಿಯನ್ನು ಕುರಿತ ಒಂದು ಕೀರ್ತನೆ ಹದಿನಾರನೆಯ ಶತಮಾನದ ಪುರಂದರದಾಸರ ಹೆಸರಿನಲ್ಲಿ ಪ್ರಚಾರದಲ್ಲಿದೆ. ಅದರಲ್ಲಿ ಮೆಣಸಿನಕಾಯಿ ಬಡವರಿಗೆ ಆಧಾರವಾಗಿ ಕಾಣಿಸಿಕೊಳ್ಳುತ್ತದೆ. ಕಚ್ಚಿದರೆ ದೇವರ ನೆನಪೂ ಬರದಷ್ಟು ಉರಿಯುವ ವಸ್ತುವಾಗಿಯೂ ಬರುತ್ತದೆ. ಪೌರುಷದ ಸುದ್ದಿ ಅಲ್ಲಿಲ್ಲ.

ರೊಟ್ಟಿಯ ಜತೆಗಾರ

'ಬಡವರ ಆಧಾರ' ಎಂಬ ಮಾತು ಧಾರವಾಡ ಜಿಲ್ಲೆಯ ಹಳ್ಳಿಗಳಿಗೆ ಚೆನ್ನಾಗಿ ಒಪ್ಪುತ್ತದೆ. ಇಲ್ಲಿಯ ಎರೆಹೊಲದಲ್ಲಿ ಮಳೆಯನ್ನೇ ನಂಬಿ ಹತ್ತಿ, ಉಳ್ಳಾಗಡ್ಡಿಗಳ ಜತೆಗೆ ಮೆಣಸಿನಗಿಡವನ್ನು ಬೆಳೆಯುವುದು ಹಳೆಯ ಪದ್ಧತಿ. ಜೋಳದ ರೊಟ್ಟಿ ಒಣ ಆಹಾರ. ಅದು ಗಂಟಲಲ್ಲಿ ಇಳಿಯಲು ಬಾಯಲ್ಲಿ ನೀರೂರಿಸುವಂಥದ್ದು ಏನಾದರೂ ಬೇಕು. ಕಾಯಿಪಲ್ಯ ಸಿಗದ ದಿನಗಳಲ್ಲಿ ಬೆರಳ ತುದಿಯಷ್ಟು ಕೆಂಪುಚಟ್ನಿ ಎರಡು ರೊಟ್ಟಿಯನ್ನು ಸಲೀಸಾಗಿ ಒಳಗೆ ಕಳಿಸುತ್ತದೆ. ಹೊಲಕ್ಕೆ ಹೋಗುವ ಬುತ್ತಿಯಲ್ಲಿ ರೊಟ್ಟಿ, ಚಟ್ನಿ, ಉಳ್ಳಾಗಡ್ಡಿ ಇದ್ದರೆ ಊಟ ಮುಗಿಯಿತು.

ಆ ಬುತ್ತಿಯಲ್ಲಿ ಗಂಡಸರ ಖಾರ, ಹೆಂಗಸರ ಖಾರ ಎಂಬ ಭೇದವಿಲ್ಲ. ಕಳೆ ತೆಗೆಯುವ ಹೆಣ್ಣಾಳೂ ಕುಂಟೆ ಹೊಡೆಯುವ ಗಂಡಾಳೂ ತಿನ್ನುವುದು ಒಂದೇ ಚಟ್ನಿಯನ್ನು. ಮನೆಮಂದಿಯೆಲ್ಲ ಉಂಡೆದ್ದ ಮೇಲೆ ತಾಟು ಹಿಡಿಯುವ ಗೃಹಿಣಿಗೆ ಪಲ್ಯ ತೀರಿಹೋಗಿದ್ದರೆ ಚಟ್ನಿಯೇ ಗತಿ.

ಇನ್ನೊಂದು ಸಂಗತಿ ಹೊರಗಿನವರಿಗೆ ಅಚ್ಚರಿ ತರಬಹುದು. ಕುಂದಗೋಳ ಸುತ್ತಿನ ಹೊಲಗಳಿಂದ ಬ್ಯಾಡಗಿ ಪೇಟೆಗೆ ಹೋಗುವ ಸುಕ್ಕುಗಟ್ಟಿದ ಒಣಮೆಣಸಿನಕಾಯಿ, ಅಂದರೆ 2011ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ಪಡೆದ ಬ್ಯಾಡಗಿ ತಳಿ, ಬಣ್ಣಕ್ಕೆ ಪ್ರಸಿದ್ಧವೇ ಹೊರತು ಖಾರಕ್ಕಲ್ಲ. ಗುಂಟೂರಿನ ಕಾಯಿಗೆ ಹೋಲಿಸಿದರೆ ಅದು ಸೌಮ್ಯ. ಅದರಿಂದ ತೆಗೆಯುವ ಕೆಂಪು ಸತ್ವಕ್ಕೆ ಆಹಾರ ಉದ್ಯಮದಲ್ಲೂ ಸೌಂದರ್ಯ ಸಾಧನಗಳ ತಯಾರಿಕೆಯಲ್ಲೂ ಬೇಡಿಕೆಯಿದೆ. ತಾಟಿನಲ್ಲಿ ಬೆಂಕಿಯಂತೆ ಕಾಣುವುದೆಲ್ಲ ಬೆಂಕಿಯಲ್ಲ ಎಂಬುದು ಇಲ್ಲಿಯ ಅಡುಗೆಯವರಿಗೆ ಗೊತ್ತು, ಹೆದರುವವರು ನೆಂಟರು.

ಪೈಲವಾನನ ತಾಟು

ಶೌರ್ಯಕ್ಕೂ ಖಾರಕ್ಕೂ ನಂಟಿದ್ದರೆ ಅದು ಎಲ್ಲಕ್ಕಿಂತ ಮೊದಲು ಗರಡಿಮನೆಯಲ್ಲಿ ಕಾಣಬೇಕಿತ್ತು. ಆದರೆ ಕುಸ್ತಿಯ ಸಂಪ್ರದಾಯ ಪೈಲವಾನನಿಗೆ ಹೇಳುವುದು ಹಾಲು, ತುಪ್ಪ, ಬಾದಾಮಿ. ಹೆಚ್ಚು ಖಾರ, ಹುಳಿ ಆತನಿಗೆ ವರ್ಜ್ಯ. ಭಗವದ್ಗೀತೆ ಅತಿ ಖಾರದ ಆಹಾರವನ್ನು ರಾಜಸ ಜನರಿಗೆ ಪ್ರಿಯವಾದುದೆಂದೂ ದುಃಖ, ರೋಗಗಳನ್ನು ತರುವಂಥದ್ದೆಂದೂ ಹೇಳುತ್ತದೆ. 'ಉಪ್ಪು ಹುಳಿ ಖಾರ ತಿಂದ ದೇಹ' ಎಂಬ ಮಾತಿನ ಹಿಂದಿರುವುದೂ ಇದೇ ನಂಬಿಕೆ. ಸಿಟ್ಟು, ಕಾಮಗಳ ಹತೋಟಿ ತಪ್ಪಿದಾಗ ಈ ಮಾತು ಗಂಡಸರ ನೆರವಿಗೆ ಬರುವಷ್ಟು ಸುಲಭವಾಗಿ ಹೆಂಗಸರ ನೆರವಿಗೆ ಬರುವುದಿಲ್ಲ. ಅದೇ ಹೆಂಗಸು ಚುರುಕಾಗಿ ಮಾತನಾಡಿದರೆ ಆಕೆಯೇ 'ಮೆಣಸಿನಕಾಯಿ'. ತಿಂದ ಗಂಡಿಗೆ ಹೊಗಳಿಕೆ, ಹೆಣ್ಣಿಗೆ ಅಡ್ಡಹೆಸರು!

ಶೌರ್ಯದೊಡನೆ ಖಾರವನ್ನು ಗಂಟುಹಾಕುವ ಚಪಲ ನಮ್ಮವರಿಗಷ್ಟೇ ಅಲ್ಲ. ಖಾರ ತಿನ್ನುವ ಜನರೇ ಕ್ರಾಂತಿಕಾರಿಗಳು ಎಂದು ಚೀನದ ಮಾವೊ ಊಟದ ಹೊತ್ತಿನಲ್ಲಿ ವಾದಿಸಿದ್ದನ್ನೂ, ಇಟಲಿಯವರೂ ಮೆಣಸಿನಕಾಯಿ ಪ್ರಿಯರೆಂದು ಯಾರೋ ನೆನಪಿಸಿದಾಗ ನಗುತ್ತ ಸೋಲೊಪ್ಪಿಕೊಂಡದ್ದನ್ನೂ ಪತ್ರಕರ್ತ ಎಡ್ಗರ್ ಸ್ನೋ ದಾಖಲಿಸಿದ್ದಾನೆ. ಇಟಲಿ ಆಗ ಮುಸೊಲಿನಿಯ ಆಳ್ವಿಕೆಯಲ್ಲಿತ್ತು.

ವಿಜ್ಞಾನ ಏನನ್ನುತ್ತದೆ?

ಆಯುರ್ವೇದ ಖಾರವನ್ನು ಷಡ್ರಸಗಳಲ್ಲಿ ಒಂದೆಂದು ಎಣಿಸಿದರೂ, ಆಧುನಿಕ ವಿಜ್ಞಾನದ ಪ್ರಕಾರ ಅದು ನಾಲಿಗೆಯ ರುಚಿಯಲ್ಲ, ನೋವು. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಎಂಬ ರಾಸಾಯನಿಕ, ಸುಡುವ ಶಾಖವನ್ನು ಗುರುತಿಸುವ ನರತಂತುಗಳನ್ನೇ ಕೆಣಕುತ್ತದೆ. ಅದು ನಡೆಯುವ ಬಗೆಯನ್ನು 1997ರಲ್ಲಿ ತೋರಿಸಿಕೊಟ್ಟ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಪಾರಿತೋಷಕದ ಪಾಲು ಸಂದಿತು. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವಂಥದ್ದಲ್ಲ. ಹಾಲು, ಮೊಸರಿಗೆ ತಗ್ಗುತ್ತದೆ. ರೊಟ್ಟಿ-ಚಟ್ನಿಯ ಪಕ್ಕ ಗಟ್ಟಿಮೊಸರು ಇಟ್ಟ ಹಿರಿಯರು ಇದನ್ನು ಪ್ರಯೋಗಾಲಯವಿಲ್ಲದೆ ಅರಿತಿದ್ದರು.

ಈ ನೋವನ್ನು ಮನುಷ್ಯ ಇಷ್ಟಪಡುವುದು ಹೇಗೆ? ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ ಮೆಕ್ಸಿಕೋದ ಹಳ್ಳಿಯೊಂದರಲ್ಲಿ ನಡೆಸಿ 1980ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಕ್ಕಳು ಹಿರಿಯರನ್ನು ನೋಡುತ್ತ ಸ್ವಲ್ಪಸ್ವಲ್ಪವಾಗಿ ಖಾರವನ್ನು ರೂಢಿಸಿಕೊಳ್ಳುತ್ತಾರೆ. ಧಾರವಾಡದ ಹಳ್ಳಿಯಲ್ಲೂ ಮಗು ಮೊಸರಿನಲ್ಲಿ ಕಲೆಸಿದ ಚಟ್ನಿಯಿಂದಲೇ ಖಾರದ ಪಾಠ ಕಲಿಯುತ್ತದೆ. ಮಗು ಗಂಡೋ ಹೆಣ್ಣೋ ಎಂದು ಚಟ್ನಿ ಕೇಳುವುದಿಲ್ಲ.

ಗಂಡಸರ ಮೇಲೆ ನಡೆದ ಒಂದು ಪ್ರಯೋಗವೂ ಇದೆ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ 114 ಗಂಡಸರಿಗೆ ಆಲೂಗಡ್ಡೆ ಕೊಟ್ಟು ಖಾರದ ರಸವನ್ನು ಬೇಕಾದಷ್ಟು ಹಾಕಿಕೊಳ್ಳಲು ಬಿಟ್ಟಾಗ, ಟೆಸ್ಟೊಸ್ಟೆರಾನ್ ಎಂಬ ಗಂಡುಚೋದಕ ಹೆಚ್ಚಿದ್ದವರು ಹೆಚ್ಚು ಹಾಕಿಕೊಂಡರು. ಆದರೆ ಹೆಂಗಸರು ಆ ಪ್ರಯೋಗದಲ್ಲಿ ಇರಲೇ ಇಲ್ಲ. ಎರಡೂ ಕಡೆಯವರನ್ನು ಪರೀಕ್ಷಿಸಿ ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯ ವಿಶ್ವವಿದ್ಯಾಲಯದ ನಾಡಿಯಾ ಬರ್ನ್ಸ್ ಮತ್ತು ಜಾನ್ ಹೇಯ್ಸ್ 2015ರಲ್ಲಿ ಪ್ರಕಟಿಸಿದ ಫಲಿತಾಂಶ ಹೆಚ್ಚು ಸ್ವಾರಸ್ಯಕರ. ಖಾರಪ್ರಿಯ ಹೆಂಗಸರಲ್ಲಿ ಹೊಸ, ತೀಕ್ಷ್ಣ ಅನುಭವದ ಹಂಬಲ ಎದ್ದು ಕಂಡರೆ, ಗಂಡಸರಲ್ಲಿ ಎದ್ದು ಕಂಡದ್ದು ಪ್ರತಿಫಲದ, ಮೆಚ್ಚುಗೆಯ ಆಸೆ. ಹೆಣ್ಣು ತನಗಾಗಿ ತಿನ್ನುತ್ತಾಳೆ, ಗಂಡು ನೋಡುವವರಿಗಾಗಿಯೂ ತಿನ್ನುತ್ತಿರಬಹುದು ಎಂಬುದು ಅದರ ಇಂಗಿತ. ಮಿರ್ಚಿ ಅಂಗಡಿಯ ಮುಂದಿನ ಗುಂಪನ್ನು ಕಂಡವರಿಗೆ ಇದನ್ನು ನಂಬುವುದು ಕಷ್ಟವಲ್ಲ.

ನಿಜವಾದ ಉರಿ

ಆ ಅಂಗಡಿಯ ಮುಂದೆ ಯಾರೂ ಲೆಕ್ಕಕ್ಕೆ ಹಿಡಿಯದ ಖಾರವೊಂದಿದೆ. ಗಿಡದಿಂದ ಹಣ್ಣುಗಾಯಿ ಬಿಡಿಸುವುದು, ಒಣಗಿಸುವುದು, ತೊಟ್ಟು ಮುರಿಯುವುದು, ಬಣ್ಣ ನೋಡಿ ವಿಂಗಡಿಸುವುದು, ಇವುಗಳಲ್ಲಿ ಹೆಚ್ಚಿನ ಪಾಲು ಹೆಂಗಸರದು. ಬೇಸಿಗೆ ಬಂತೆಂದರೆ ವರ್ಷಕ್ಕಾಗುವಷ್ಟು ಮಸಾಲಿ ಖಾರ ಆಗಬೇಕು. ಮೆಣಸಿನಕಾಯಿ ಹುರಿದಾಗ ಏಳುವ ಘಾಟಿಗೆ ಓಣಿಯೇ ಕೆಮ್ಮುತ್ತದೆ. ಈಗ ಕುಟ್ಟುವ ಕೆಲಸ ಬಹುಮಟ್ಟಿಗೆ ಗಿರಣಿಯ ಪಾಲಾಗಿದೆ. ಒನಕೆ ಹಿಡಿದ ಕಾಲದಲ್ಲಿ ಅದಕ್ಕೂ ಹೆಂಗಸರ ತೋಳೇ ಬೇಕಿತ್ತು. ದಿನವಿಡೀ ತೊಟ್ಟು ಬಿಡಿಸಿದ ಅಂಗೈಯ ಉರಿ ರಾತ್ರಿಯೂ ಇಳಿಯುವುದಿಲ್ಲ. ಅದೇ ಕೈಯಿಂದ ಕೂಸನ್ನು ಎತ್ತಿಕೊಳ್ಳಲು ತಾಯಿ ಅಂಜಬೇಕಾಗುತ್ತದೆ.

ಬಾಯಿಯ ಉರಿ ಒಂದು ಬಟ್ಟಲು ಮೊಸರಿಗೆ ಆರುತ್ತದೆ, ಅದಕ್ಕೆ ಚಪ್ಪಾಳೆಯೂ ಸಿಗುತ್ತದೆ. ಅಂಗೈಯ ಉರಿಗೆ ಸಿಗುವುದು ದಿನಗೂಲಿ. ಖಾರ ತಾಳಿಕೊಳ್ಳುವುದೇ ಗಟ್ಟಿತನವಾದರೆ ಅದನ್ನು ಅಳೆಯಬೇಕಾದ ಜಾಗ ಮೆಣಸಿನಕಾಯಿಯ ಕಣ. ಅಲ್ಲಿ ಕೂತವರಿಗೆ ಬೇಕಾಗಿರುವುದು ಶಹಬ್ಬಾಸ್‌ಗಿರಿಗಿಂತ ಹೆಚ್ಚಾಗಿ ಕೈಗವಸು, ಮೂಗಿಗೊಂದು ಬಟ್ಟೆ, ದುಡಿಮೆಗೆ ತಕ್ಕ ಕೂಲಿ.