ಸಾಂಟಾ ಆನಾದ ನೆಲಮಾಳಿಗೆ: ಸಭಾಭಾಷಣಶಿಕ್ಷಣದ ಒಂದು ಇತಿಹಾಸ

(ಸಂಘದ ಸಭೆಯಲ್ಲಿ ಮಾಡಿದ ಅತಿಥಿ ಉಪನ್ಯಾಸದ ಬರಹರೂಪ)



ಲಾಸ್ ಏಂಜಲೀಸಿನಿಂದ ಸ್ಯಾನ್ ಡಿಯೇಗೋ ಕಡೆಗೆ ಐದನೆಯ ನಂಬರಿನ ಹೆದ್ದಾರಿಯಲ್ಲಿ ಹೊರಟವರು, ವಾಹನಸಂದಣಿಯ ಕೃಪೆಯಿದ್ದರೆ, ಒಂದು ಗಂಟೆಯೊಳಗೆ ಸಾಂಟಾ ಆನಾ ಎಂಬ ಊರನ್ನು ದಾಟುತ್ತಾರೆ. ನಾವೂ ಅನೇಕ ವರ್ಷ ಅದನ್ನು ದಾಟಿದ್ದೆವೇ ಹೊರತು ಅಲ್ಲಿ ಇಳಿದು ನೋಡಿರಲಿಲ್ಲ. ಇಂದು ನೂರಕ್ಕೂ ಹೆಚ್ಚು ದೇಶಗಳಲ್ಲಿ ಉದ್ಯೋಗಸ್ಥರಿಗೆ ಸಭೆಯಲ್ಲಿ ನಿಂತು ಮಾತನಾಡುವುದನ್ನು ಕಲಿಸುತ್ತಿರುವ ಟೋಸ್ಟ್‌ಮಾಸ್ಟರ್ಸ್ ಸಂಸ್ಥೆ ಹುಟ್ಟಿದ್ದು ಆ ಊರಿನ ವೈ.ಎಂ.ಸಿ.ಎ. ಕಟ್ಟಡದ ನೆಲಮಾಳಿಗೆಯಲ್ಲಿ, 1924ರ ಅಕ್ಟೋಬರ್ 22ರಂದು.

ವೈದ್ಯನಾದವನು ಭಾಷಣದ ಇತಿಹಾಸಕ್ಕೆ ಕೈಹಾಕಿದ್ದೇಕೆಂದು ತಾವು ಕೇಳಬಹುದು. ಕಾರಣವುಂಟು. ಎಂ.ಬಿ.ಬಿ.ಎಸ್. ಮುಗಿಸಿ ಈ ದೇಶಕ್ಕೆ ಬಂದು ರೆಸಿಡೆನ್ಸಿಗೆ ಸೇರಿದ ಮೊದಲ ವರ್ಷ, ರಾತ್ರಿ ದಾಖಲಾದ ರೋಗಿಗಳ ವೃತ್ತಾಂತವನ್ನು ಬೆಳಿಗ್ಗೆ ಹಿರಿಯರ ಮುಂದೆ ಮಂಡಿಸುವ ಕೆಲಸ ನಮ್ಮದಾಗಿತ್ತು. ನಮಗೆ ಊರಿನಲ್ಲಿ ಕಲಿಸಿದ್ದ ಕ್ರಮವೇ ಬೇರೆ: ಹೆಸರು, ವಯಸ್ಸು, ವೃತ್ತಿ, ವಂಶದ ಕಾಯಿಲೆಗಳು, ಹೀಗೆ ಸಾಗಿ ಕಡೆಗೆ ಮುಖ್ಯ ಸಂಗತಿ. ಒಂದು ಬೆಳಿಗ್ಗೆ ನಮ್ಮ ರೋಗಿಯ ರಕ್ತದಲ್ಲಿ ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೆ ಏರಿತ್ತು. ಆ ಮಾತು ನಮ್ಮ ವರದಿಯಲ್ಲಿ ಬಂದದ್ದು ಹತ್ತನೆಯ ವಾಕ್ಯದಲ್ಲೋ ಹನ್ನೊಂದನೆಯದರಲ್ಲೋ. ಅಷ್ಟರಲ್ಲಿ ಹಿರಿಯರು ಮುಂದಿನ ಹಾಸಿಗೆಯತ್ತ ನಡೆದಿದ್ದರು. ನಾವೂ ದನಿಯೇರಿಸಿ ಅವರನ್ನು ನಿಲ್ಲಿಸಲಿಲ್ಲ. ಹಿರಿಯರ ಮಾತಿಗೆ ಅಡ್ಡಬರಬಾರದೆಂಬ ಸಂಸ್ಕಾರ ನಮ್ಮದು. ಹೃದಯದ ಗತಿ ತಪ್ಪುತ್ತಿರುವುದನ್ನು ದಾದಿಯೊಬ್ಬರು ಯಂತ್ರದಲ್ಲಿ ಗಮನಿಸಿ ಕೂಗಿದ್ದರಿಂದ ರೋಗಿ ಉಳಿದರು. ನಮಗೆ ವಿಷಯ ತಿಳಿದಿತ್ತು, ಇಂಗ್ಲಿಷೂ ತಿಳಿದಿತ್ತು. ಹೇಳುವುದು ಮಾತ್ರ ತಿಳಿದಿರಲಿಲ್ಲ. ಆ ತಿಂಗಳೇ ಸಂಜೆಯ ಭಾಷಣಕೂಟವೊಂದಕ್ಕೆ ಸೇರಿದೆವು. ಅದನ್ನು ಕಟ್ಟಿದವರ ಕಥೆಯನ್ನು ಓದಿದ್ದು ಆ ಮೇಲೆ.

ರಾಲ್ಫ್ ಸ್ಮೆಡ್ಲಿ ವಾಗ್ಮಿಯಾಗಿರಲಿಲ್ಲ, ಪ್ರಾಧ್ಯಾಪಕನೂ ಅಲ್ಲ. 1878ರಲ್ಲಿ ಇಲಿನಾಯ್ ರಾಜ್ಯದಲ್ಲಿ ಹುಟ್ಟಿ, 1903ರಲ್ಲಿ ಅಲ್ಲಿಯ ಕಾಲೇಜಿನಿಂದ ಪದವಿ ಪಡೆದು, ಬ್ಲೂಮಿಂಗ್ಟನ್ ನಗರದ ವೈ.ಎಂ.ಸಿ.ಎ.ಯಲ್ಲಿ ಶಿಕ್ಷಣ ವಿಭಾಗವನ್ನು ನೋಡಿಕೊಳ್ಳುತ್ತಿದ್ದ. ಅಲ್ಲಿಗೆ ಬರುತ್ತಿದ್ದ ತರುಣರಿಗೆ ಸಭೆ ನಡೆಸುವುದಾಗಲಿ ನಾಲ್ಕು ಜನರೆದುರು ಮಾತನಾಡುವುದಾಗಲಿ ಬಾರದೆಂಬುದನ್ನು ಕಂಡು 1905ರಲ್ಲಿ ಅವರಿಗಾಗಿ ಒಂದು ಕೂಟವನ್ನು ತೆರೆದ. ಔತಣಕೂಟಗಳಲ್ಲಿ ಎದ್ದು ನಿಂತು ಶುಭ ಕೋರಿ ಭಾಷಣಕಾರರನ್ನು ಪರಿಚಯಿಸುವವನಿಗೆ ಟೋಸ್ಟ್‌ಮಾಸ್ಟರ್ ಎಂದು ಹೆಸರು. ಪಾಠಶಾಲೆಯ ವಾಸನೆ ಬರಬಾರದೆಂದು ಆ ಹೆಸರನ್ನೇ ಇಟ್ಟ. ಕೆಲಸದ ನಿಮಿತ್ತ ಊರೂರು ತಿರುಗಿದ ಸ್ಮೆಡ್ಲಿ ಫ್ರೀಪೋರ್ಟ್, ರಾಕ್ ಐಲೆಂಡ್, ಸ್ಯಾನ್ ಹೋಸೆಗಳಲ್ಲಿಯೂ ಇದನ್ನೇ ನೆಟ್ಟ. ಅವನು ಊರು ಬಿಟ್ಟೊಡನೆ ಕೂಟವೂ ಬಾಡುತ್ತಿತ್ತು. ಸಾಂಟಾ ಆನಾದಲ್ಲಿ ಮಾತ್ರ ಬೇರು ಹಿಡಿಯಿತು. ಕಿತ್ತಳೆ ತೋಟಗಳ ನಡುವಿನ ಆ ಊರು ಆಗ ಬೆಳೆಯುತ್ತಿತ್ತು. ಲಾಸ್ ಏಂಜಲೀಸಿನಿಂದ ವಿದ್ಯುತ್ ರೈಲು ಬಂದು ಹೋಗುತ್ತಿತ್ತು. ಹೊಸದಾಗಿ ವ್ಯಾಪಾರಕ್ಕಿಳಿದವರಿಗೆ ಗಿರಾಕಿಗಳ ಮುಂದೆ, ಸಮಿತಿಗಳ ಮುಂದೆ ಮಾತನಾಡುವ ಅಗತ್ಯ ಬಿದ್ದಿತ್ತು. ಇವೇ ಕಾರಣಗಳೆಂಬುದು ನಮ್ಮ ಊಹೆ. 1930ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದವರೂ ಜೊತೆಗೂಡಿದ್ದರಿಂದ ಹೆಸರಿನೊಡನೆ 'ಇಂಟರ್‌ನ್ಯಾಷನಲ್' ಎಂಬುದು ಸೇರಿತು. 1932ರಲ್ಲಿ ಸಂಸ್ಥೆ ನೋಂದಣಿಯಾಯಿತು.

ಸ್ಮೆಡ್ಲಿಯ ಪದ್ಧತಿಯಲ್ಲಿ ಗುರುವಿಲ್ಲ. ಇಂದು ಮಾತನಾಡಿದವನು ಮುಂದಿನ ವಾರ ಮತ್ತೊಬ್ಬನ ಮಾತನ್ನು ತೂಗಿನೋಡುತ್ತಾನೆ. ಭಾಷಣಕ್ಕೆ ಸಾಮಾನ್ಯವಾಗಿ ಐದರಿಂದ ಏಳು ನಿಮಿಷ: ಐದಕ್ಕೆ ಹಸಿರು ದೀಪ, ಆರಕ್ಕೆ ಹಳದಿ, ಏಳಕ್ಕೆ ಕೆಂಪು. 'ಆ', 'ಮ್' ಎಂಬ ತಡವರಿಕೆಗಳನ್ನು ಎಣಿಸಲೆಂದೇ ಒಬ್ಬರು ಕುಳಿತಿರುತ್ತಾರೆ. ಮೊದಲ ದಿನ ನಮ್ಮ ಲೆಕ್ಕ ಇಪ್ಪತ್ತಮೂರಕ್ಕೆ ಮುಟ್ಟಿತ್ತು, ಊಟದ ವೇಳೆ ಮನೆಯಾಕೆಗೆ ಹೇಳಿದಾಗ, "ಅಷ್ಟೇನಾ?" ಎಂದರು. ಈ ಪದ್ಧತಿಯಲ್ಲಿ ನಮಗೆ ಒಪ್ಪಿಗೆಯಾಗದ ಅಂಶವೂ ಒಂದುಂಟು. ವಿಮರ್ಶೆಯನ್ನು ಎರಡು ಹೊಗಳಿಕೆಗಳ ನಡುವೆ ಅಡಗಿಸಿ ಕೊಡುವ ರೂಢಿ ಅನೇಕ ಕೂಟಗಳಲ್ಲಿದೆ. ಕಹಿ ಮಾತ್ರೆಗೆ ಸಕ್ಕರೆಯ ಲೇಪ ಸರಿಯೇ. ಸಕ್ಕರೆಯೇ ಹೆಚ್ಚಾದರೆ ಮದ್ದು ಒಳಸೇರಿತೋ ಇಲ್ಲವೋ ರೋಗಿಗೆ ತಿಳಿಯದು.

ಈ ವಿಷಯದಲ್ಲಿ ನಮ್ಮ ತಾಳಮದ್ದಳೆಯೇ ಹೆಚ್ಚು ನಿಷ್ಠುರ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಕುಳಿತ ಅರ್ಥಧಾರಿ ಆ ಕ್ಷಣದಲ್ಲಿಯೇ ಮಾತು ಕಟ್ಟಬೇಕು. ಎದುರಿನ ಅರ್ಥಧಾರಿ ಸಭ್ಯವಾಗಿ ಕಾಯುವವನಲ್ಲ. ಸಡಿಲವಾದ ಎಳೆಯೊಂದು ಸಿಕ್ಕರೆ ಅಲ್ಲಿಯೇ ಹಿಡಿದೆಳೆಯುತ್ತಾನೆ. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಇಂತಹ ಕೂಟಗಳಲ್ಲಿಯೇ ಹೆಸರಾದವರು. ಬರೆದ ಕಾಗದವಿಲ್ಲದೆ ವಾದ ಹೂಡುವ ವಿದ್ಯೆ ನಮಗೆ ಪರದೇಶದ್ದಲ್ಲ. ಆದರೆ ಅಲ್ಲಿ ಏಳನೆಯ ನಿಮಿಷಕ್ಕೆ ಕೆಂಪು ದೀಪವಿರಲಿಲ್ಲ; ನಮ್ಮ ಆಸ್ಪತ್ರೆಗಳಲ್ಲಿಯೂ ಕಂಪನಿಗಳಲ್ಲಿಯೂ ಇದೆ.

ಸಾಂಟಾ ಆನಾದ ಕೂಟ ಗಂಡಸರದು. ಹೆಂಗಸರು 1938ರಲ್ಲಿ ಟೋಸ್ಟ್‌ಮಿಸ್ಟ್ರೆಸ್ ಎಂಬ ತಮ್ಮದೇ ಬೇರೆ ಸಂಸ್ಥೆಯನ್ನು ಕಟ್ಟಿಕೊಳ್ಳಬೇಕಾಯಿತು. 1965ರಲ್ಲಿ ಸ್ಮೆಡ್ಲಿ ತೀರಿಕೊಂಡಾಗಲೂ ಬಾಗಿಲು ತೆರೆದಿರಲಿಲ್ಲ. 1970ರಲ್ಲಿ ಸ್ಯಾನ್ ಡಿಯೇಗೋದ ಕೂಟವೊಂದಕ್ಕೆ ಸೇರಬಯಸಿದ ಹೆಲೆನ್ ಬ್ಲಾಂಚರ್ಡ್ ಅವರ ಹೆಸರನ್ನು ಕೇಂದ್ರ ಕಚೇರಿಗೆ 'ಹೋಮರ್ ಬ್ಲಾಂಚರ್ಡ್' ಎಂದು ಕಳುಹಿಸಲಾಯಿತು. ಮಾತು ಕಲಿಯಲು ಬಂದಾಕೆ ಮೊದಲು ತನ್ನ ಹೆಸರನ್ನೇ ನುಂಗಿಕೊಳ್ಳಬೇಕಾಯಿತು! ಇದನ್ನು ಓದಿದಾಗ ಶ್ರೀನಿವಾಸಮೂರ್ತಿಗಳು 'ಶ್ರೀನಿ'ಯಾದದ್ದೂ ವೆಂಕಟೇಶಯ್ಯನವರು 'ವೆನ್' ಆದದ್ದೂ ನಮ್ಮ ನೆನಪಿಗೆ ಬಂದವು. ನಮ್ಮ ಹೆಸರಿನ ಅರ್ಧಭಾಗವೂ ಆಸ್ಪತ್ರೆಯ ಬಿಲ್ಲೆಯ ಮೇಲೆ ಇಂದಿಗೂ ಇಲ್ಲ. ಆದರೆ ನಮ್ಮದು ಅನುಕೂಲಕ್ಕಾಗಿ ಮಾಡಿಕೊಂಡದ್ದು, ಆಕೆಯದು ಒಳಗೆ ಬರುವುದಕ್ಕೆ ತೆತ್ತ ಸುಂಕ. ಎರಡನ್ನೂ ಒಂದೇ ಎನ್ನಲಾಗದು. 1973ರಲ್ಲಿ ಸಂಸ್ಥೆ ಸ್ತ್ರೀಯರನ್ನು ಅಧಿಕೃತವಾಗಿ ಬರಮಾಡಿಕೊಂಡಿತು. 1985ರಲ್ಲಿ ಅದೇ ಹೆಲೆನ್, ಈ ಬಾರಿ ಹೆಲೆನ್ ಆಗಿಯೇ, ಅದರ ಅಂತರರಾಷ್ಟ್ರೀಯ ಅಧ್ಯಕ್ಷೆಯಾದರು. ಆ ಪೀಠವನ್ನೇರಿದ ಪ್ರಥಮ ಮಹಿಳೆ.

ಕೇಂದ್ರ ಕಚೇರಿಯು 1990ರಲ್ಲಿ ಸಾಂಟಾ ಆನಾವನ್ನು ಬಿಟ್ಟು ಅದೇ ಕೌಂಟಿಯ ರಾಂಚೊ ಸಾಂಟಾ ಮಾರ್ಗರಿಟಾಕ್ಕೂ, 2018ರಲ್ಲಿ ಕೊಲರಾಡೊ ರಾಜ್ಯಕ್ಕೂ ಹೋಯಿತು. ಹೆದ್ದಾರಿಯಲ್ಲಿ ಸಾಗುವವರಿಗೆ ಈಗ ಇದರ ಸುಳಿವೂ ಸಿಗದು.

ನಮ್ಮ ಸಂಘದ ವೇದಿಕೆಯ ಬಗ್ಗೆ ಒಂದು ಮಾತು. ಇಲ್ಲಿ ನಾಟಕ, ಹಾಡು, ನೃತ್ಯಗಳಿಗೆ ಮಕ್ಕಳನ್ನು ತಿಂಗಳುಗಟ್ಟಲೆ ಸಿದ್ಧಪಡಿಸುತ್ತೇವೆ. ಅದೇ ಮಕ್ಕಳು ವಂದನಾರ್ಪಣೆಗೆ ನಿಂತಾಗ ತಾಯಿ ಬರೆದುಕೊಟ್ಟ ಚೀಟಿಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಓದುತ್ತಾರೆ. ಸಭೆಗೆ ಮುನ್ನ ಹತ್ತು ನಿಮಿಷ ಬಿಟ್ಟುಕೊಟ್ಟು, ಇಬ್ಬರು ಮಕ್ಕಳಿಗೆ ಚೀಟಿಯಿಲ್ಲದೆ ಎರಡೆರಡು ನಿಮಿಷ ಕನ್ನಡದಲ್ಲಿ ಮಾತನಾಡಲು ಅವಕಾಶ ಕೊಡಬಾರದೇಕೆ? ತಡವರಿಕೆಗಳನ್ನು ಎಣಿಸುವ ಕೆಲಸವನ್ನು ನಾವೇ ವಹಿಸಿಕೊಳ್ಳುತ್ತೇವೆ. ಮಕ್ಕಳದನ್ನಲ್ಲ, ನಡುವೆ ಬಾಯಿ ಹಾಕುವ ತಂದೆತಾಯಿಗಳದನ್ನು.

ಕಾರ್ಯದರ್ಶಿಗಳು ಬಾಗಿಲ ಬಳಿ ನಿಂತು ಬಿಸಿಬೇಳೆಬಾತು ಆರುತ್ತಿದೆಯೆಂದು ಸನ್ನೆ ಮಾಡುತ್ತಿದ್ದಾರೆ. ಪ್ರಶ್ನೆಗಳಿದ್ದರೆ ಊಟದ ಸಾಲಿನಲ್ಲಿ ಉತ್ತರಿಸುತ್ತೇವೆ.