ಗಾರೆಯಿಂದ ಮೂಳೆಯವರೆಗೆ



ನಿಜ್ವಾದ ಫಲಜ್ ದಾರಿಸ್ ಕಾಲುವೆಯ ದಡದಲ್ಲಿ ಅಡ್ಡಾಡಿದವರು ಸಾರೂಜ್ ಗಾರೆಯ ಹೆಸರನ್ನು ಕೇಳಿರುತ್ತೀರಿ. ಸುಟ್ಟ ಮಣ್ಣಿನ ಪುಡಿಯನ್ನು ಸುಣ್ಣದೊಡನೆ ಕಲಸಿದರೆ ಅದು ನೀರಿನೊಳಗೂ ಗಟ್ಟಿಯಾಗುತ್ತದೆ. 1911ರಲ್ಲಿ ಆರಂಭವಾದ ನಮ್ಮ ಕನ್ನಂಬಾಡಿ ಕಟ್ಟೆಯ ಸುರ್ಕಿ ಗಾರೆಯೂ ಇದೇ ವಂಶದ್ದು. ವೈದ್ಯರಿಗೇಕೆ ಗಾರೆಯ ಮಾತು ಎನ್ನದಿರಿ. ಮೂಳೆ ಜೋಡಿಸುವವರೂ ಒಂದು ಬಗೆಯ ಗಾರೆಯವರೇ.

ತುರ್ಕಿ ಸಾಮ್ರಾಜ್ಯದ ಪೂರ್ವಭಾಗದಲ್ಲಿ ಮುರಿದ ಕೈಕಾಲುಗಳನ್ನು ಜಿಪ್ಸಮ್ ಅಚ್ಚಿನಲ್ಲಿರಿಸುವ ಪದ್ಧತಿಯನ್ನು ಕಂಡುದಾಗಿ ವಿಲಿಯಂ ಈಟನ್ ಎಂಬ ಆಂಗ್ಲರು 1798ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಬರೆದಿದ್ದಾರೆ. ಡಚ್ ಸೇನಾವೈದ್ಯ ಮಾಥೈಸನ್ ಪ್ಲಾಸ್ಟರ್ ಪಟ್ಟಿಯನ್ನು ಪ್ರಚುರಪಡಿಸಿದ್ದು 1852ರಲ್ಲಿ. ಯೂರೋಪಿನ ಪಠ್ಯಗಳು ಈ ಎರಡನೆಯ ಹೆಸರನ್ನಷ್ಟೇ ನಮಗೆ ಕಲಿಸಿದುವು.

ಮೂಳೆಯೊಳಗೆ ಗಾರೆ ತುಂಬಿದವರು ಬರ್ಲಿನ್ನಿನ ಗ್ಲುಕ್. ಕ್ಷಯದಿಂದ ಕೆಟ್ಟ ಸಂಧಿಗಳಿಗೆ 1890ರ ಸುಮಾರಿನಲ್ಲಿ ದಂತದ ಕೀಲುಗಳನ್ನಿಟ್ಟು, ಪ್ಲಾಸ್ಟರ್, ರಾಳ ಮುಂತಾದವುಗಳ ಮಿಶ್ರಣದಿಂದ ಬಿಗಿದರು. ಸೋಂಕು ಅವರ ಶ್ರಮವನ್ನೆಲ್ಲ ಕೆಡಿಸಿತು.

1958ರಲ್ಲಿ ಇಂಗ್ಲೆಂಡಿನ ಜಾನ್ ಚಾರ್ನ್ಲಿಯವರು, ರಸಾಯನತಜ್ಞ ಡೆನಿಸ್ ಸ್ಮಿತ್ ಅವರ ಸಲಹೆಯಂತೆ, ದಂತವೈದ್ಯರ ಅಕ್ರಿಲಿಕ್ಕನ್ನು ಸೊಂಟದ ಕೀಲಿಗೆ ಬಳಸತೊಡಗಿದರು. ಇದು ಒಣಗಿ ಗಟ್ಟಿಯಾಗುವ ವಸ್ತುವಲ್ಲ. ಪುಡಿಯಲ್ಲಿ ಬೆಂಜಾಯ್ಲ್ ಪೆರಾಕ್ಸೈಡ್, ದ್ರವದಲ್ಲಿ ಅದನ್ನು ಕೆರಳಿಸುವ ಡೈಮೀಥೈಲ್ ಪ್ಯಾರಾಟೊಲ್ಯುಡಿನ್. ಎರಡೂ ಕೂಡಿದೊಡನೆ ದ್ರವದ ಅಣುಗಳು ಸರಪಳಿಯಾಗಿ ಹೆಣೆದುಕೊಳ್ಳುತ್ತವೆ. ಕಲಸಿದ್ದು ಮೊದಲು ಅಂಟಂಟು, ಆಮೇಲೆ ರೊಟ್ಟಿ ಹಿಟ್ಟಿನ ಹದ, ಸುಮಾರು ಹತ್ತು ಹನ್ನೆರಡು ನಿಮಿಷಗಳಲ್ಲಿ ಕಲ್ಲು. ಜೊತೆಗೆ ಕೈಸುಡುವಷ್ಟು ಶಾಖ. ಹೆಸರು ಸಿಮೆಂಟಾದರೂ ಅದು ಅಂಟಲ್ಲ. ಮೂಳೆಯ ಸಣ್ಣ ರಂಧ್ರಗಳೊಳಗೆ ನುಗ್ಗಿ ಕಚ್ಚಿಕೊಂಡು ನಿಲ್ಲುತ್ತದೆ.

ಈ ಹದ ಕೋಣೆಯ ಸೆಕೆಗೆ ಅಧೀನ. ಬಿಸಿ ಹೆಚ್ಚಿದಷ್ಟೂ ಸಮಯ ಕುಗ್ಗುತ್ತದೆ. ಕೊಲ್ಲಿಗೆ ಬಂದ ಹೊಸತರಲ್ಲಿ, ಒಂದು ಬೇಸಿಗೆಯ ಮಧ್ಯಾಹ್ನ ಶಸ್ತ್ರಾಗಾರದ ಹವಾನಿಯಂತ್ರಣ ನಿಂತಿತು. ನಾವು ವಿದೇಶದ ತಂಪಿನಲ್ಲಿ ಕಲಿತ ಲೆಕ್ಕದಂತೆಯೇ ಗಡಿಯಾರ ನೋಡುತ್ತ ಕುಳಿತೆವು. ಕೀಲಿನ ಕಾಂಡ ಇನ್ನೂ ಎರಡು ಬೆರಳು ಹೊರಗಿರುವಾಗಲೇ ಗಾರೆ ಹಿಡಿದುಬಿಟ್ಟಿತು. ಮೇಜಿನ ಮೇಲಿದ್ದವರು ನಮ್ಮ ತಾಯಿಯ ವಯಸ್ಸಿನ ಅಜ್ಜಿ. ಉಳಿಯಿಂದ ಅದನ್ನು ಚೂರುಚೂರಾಗಿ ಕೆತ್ತಿ ತೆಗೆದು ಮತ್ತೊಂದು ಕಾಂಡವನ್ನು ಕೂರಿಸಲು ಗಂಟೆಗೂ ಮಿಕ್ಕಿ ಹಿಡಿಯಿತು. ಎರಡು ಬಾಟಲಿ ರಕ್ತವೂ ಬೇಕಾಯಿತು. ಅಜ್ಜಿ ಚೇತರಿಸಿಕೊಂಡರು. ತಪ್ಪು ಯಂತ್ರದ್ದಲ್ಲ, ನಮ್ಮದು.

ಅಂದಿನಿಂದ ಸಿಮೆಂಟಿನ ಡಬ್ಬಿಗಳನ್ನು ತಂಪಿನಲ್ಲಿರಿಸುತ್ತೇವೆ. ಗೋಡೆಯ ಉಷ್ಣಮಾಪಕವನ್ನು ನೋಡದೆ ಪುಡಿಗೆ ದ್ರವವನ್ನು ಸುರಿಯುವುದಿಲ್ಲ.